ಅಳಿಯಂದಿರ ಆಯಿಲ್ ಚೇಂಜು

ಚಿಕ್ಕಳಿಯನ ಪ್ರಕಾರ ಈ ಜಗತ್ತಿನಲ್ಲಿರುವುದು ಎರಡೇ ಪದಾರ್ಥ. ಒಂದು ಹತ್ತಿ, ಇನ್ನೊಂದು ಮೋಸ.

ಬಟ್ಟೆ ಅಂಗಡಿಯಲ್ಲಿ ಅಳತೆಗೋಲು ಹಿಡಿದು ನಿಂತೇ ಅವನ ತಲೆ ಅರ್ಧ ನರೆತಿತ್ತು. ಗಿರಾಕಿ ಯಾರಾದರೂ ಮಿರಿಮಿರಿ ಮಿಂಚುವ ಸಿಂಥೆಟಿಕ್ ಬಟ್ಟೆಯ ಕಡೆ ಕೈ ಚಾಚಿದರೆ ಸಾಕು, ಸಾವಿನ ಮನೆಗೆ ಬಂದವನ ಹಾಗೆ ಮುಖ ಇಳಿಬಿಡುತ್ತಿದ್ದ. "ತಗೊಳ್ಳಿ, ನಾನು ಬೇಡ ಅನ್ನಲ್ಲ. ಬೇಸಿಗೆ ಬರತ್ತಲ್ಲ, ಆಗ ನನ್ನನ್ನ ನೆನೆಸ್ಕೊಳ್ಳಿ" ಎನ್ನುತ್ತಿದ್ದ. ಅಂಗಡಿಯ ಮಾಲೀಕರು ಬುದ್ಧಿವಂತರು. ಇವನನ್ನು ಸಿಂಥೆಟಿಕ್ ಕಪಾಟಿನಿಂದ ಆದಷ್ಟು ದೂರದಲ್ಲಿ, ಟವೆಲು ಮತ್ತು ಬೆಡ್‌ಶೀಟುಗಳ ನಡುವೆ ನಿಲ್ಲಿಸಿದ್ದರು.

ದೊಡ್ಡಳಿಯನದು ಇದಕ್ಕೆ ತದ್ವಿರುದ್ಧ. ಅವನು ಹಲ್ಲಿನ ಸೆಟ್ ಕಟ್ಟುವವನು. ಹುಟ್ಟಿನಿಂದ ಬಂದದ್ದೆಲ್ಲ ಅವನ ಕಣ್ಣಿಗೆ ಕಚ್ಚಾ ಮಾಲು. ಎದುರಿಗಿದ್ದವರು ನಕ್ಕರೆ ಅವನು ನಗುವನ್ನು ನೋಡುತ್ತಿರಲಿಲ್ಲ, ಒಳಗೆ ಯಾವುದು ಅಲ್ಲಾಡುತ್ತಿದೆ ಎಂದು ನೋಡುತ್ತಿದ್ದ. "ದೇವರು ಕೊಟ್ಟ ಹಲ್ಲಿಗೆ ಗ್ಯಾರಂಟಿ ಇದೆಯಾ? ನಾನು ಕೊಟ್ಟಿದ್ದಕ್ಕೆ ಇದೆ" ಎಂಬುದು ಅವನು ದಿನಕ್ಕೊಮ್ಮೆಯಾದರೂ ಆಡುವ ಮಾತು.

ಇಬ್ಬರಿಗೂ ಒಬ್ಬರೇ ಮಾವ. ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಮೈಮೇಲಿನ ಅಂಗಿ ಚಿಕ್ಕಳಿಯ ಆರಿಸಿ ತಂದ ಹತ್ತಿಬಟ್ಟೆಯದು, ಬಾಯೊಳಗಿನ ಹಲ್ಲು ದೊಡ್ಡಳಿಯ ಕಟ್ಟಿಕೊಟ್ಟದ್ದು. ಮಾವ ಸೆಖೆಯಲ್ಲೂ ಬೆವರದೆ ಕೂತರೆ ಚಿಕ್ಕಳಿಯನಿಗೆ ಹೆಮ್ಮೆ, ಗಟ್ಟಿ ಬಿಸ್ಕತ್ತನ್ನು ಕಟುಂ ಎಂದು ಕಡಿದರೆ ದೊಡ್ಡಳಿಯನಿಗೆ ಹೆಮ್ಮೆ. ಹೀಗೆ ಮಾವನ ದೇಹದಲ್ಲಿ ಇಬ್ಬರೂ ಸಮಪಾಲು ಪಡೆದು ಸುಖವಾಗಿದ್ದರು, ಕಾರು ಬರುವ ತನಕ.

ಕಾರು ಮಾವನದೇ, ಹಳೆಯದು. ಕಣ್ಣು ಮಂಜಾಯಿತೆಂದು ಅದನ್ನು ಇಬ್ಬರು ಅಳಿಯಂದಿರಿಗೂ ಸೇರಿಸಿ ಬಿಟ್ಟುಕೊಟ್ಟಿದ್ದರು. ಎರಡು ಮನೆಗಳ ನಡುವೆ ಒಂದೇ ಗೋಡೆ. ಗೋಡೆಯಾಚೆ ಅಕ್ಕ, ಈಚೆ ತಂಗಿ. ಕಾರು ಒಂದು ವಾರ ಆ ಮನೆಯ ಮುಂದೆ, ಒಂದು ವಾರ ಈ ಮನೆಯ ಮುಂದೆ. ಕಾರಿನ ಜೊತೆ ಮಾವನೂ ಬಿಡಾರ ಬದಲಿಸುತ್ತಿದ್ದರು. ಶನಿವಾರ ಸಂಜೆಯಾಯಿತೆಂದರೆ ಕಂಕುಳಲ್ಲಿ ದಿಂಬು, ಕೈಯಲ್ಲಿ ಹಲ್ಲು ನೆನೆಸುವ ಗಾಜಿನ ಲೋಟ, ಕಿರುಬೆರಳಲ್ಲಿ ಕಾರಿನ ಬೀಗದ ಕೈ ಹಿಡಿದು, ಒಂದು ಗೇಟು ಮುಚ್ಚಿ ಇನ್ನೊಂದು ಗೇಟು ತೆರೆಯುತ್ತಿದ್ದರು. "ಕಾರು ಎಲ್ಲೋ ನಾನು ಅಲ್ಲಿ. ಡ್ಯೂಟಿ ಅಂದ್ರೆ ಡ್ಯೂಟಿ" ಎನ್ನುತ್ತಿದ್ದರು.

ಕೊಡುವಾಗ ಒಂದೇ ಷರತ್ತು ಹಾಕಿದ್ದರು. "ಈ ಕಾರಿನ ವಿಷಯಕ್ಕೆ ನಿಮ್ಮಿಬ್ಬರ ಮಧ್ಯೆ ಒಂದು ಜಗಳ, ಒಂದೇ ಒಂದು ಜಗಳ ನನ್ನ ಕಿವಿಗೆ ಬಿತ್ತೋ, ಅವತ್ತೇ ಗುಜರಿಗೆ ತೂಕಕ್ಕೆ ಹಾಕ್ಬಿಡ್ತೀನಿ. ಸೀಟಿಗೋಸ್ಕರ ಜನ ಕಚ್ಚಾಡೋದನ್ನ ಜೀವಮಾನ ಪೂರ್ತಿ ಕನ್ನಡೀಲಿ ನೋಡಿದ್ದೀನಿ. ಮನೇಲೂ ನೋಡೋಕಾಗಲ್ಲ."

ಈ ಮಾತು ಚಿಕ್ಕಳಿಯನಿಗೆ ಬೇರೆ ದಿನಗಳಲ್ಲಾದರೆ ಅಷ್ಟೇನೂ ನಾಟುತ್ತಿರಲಿಲ್ಲ. ಈಗ ನಾಟಿತ್ತು. ಅವನ ಹೆಂಡತಿ ಊರಿನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸದಲ್ಲಿದ್ದಳು. ಹಳ್ಳಿಹಳ್ಳಿಗೆ ಪುಸ್ತಕ ಒಯ್ಯುವ ವ್ಯಾನಿನ ಡ್ರೈವರು ಕೆಲಸ ಬಿಟ್ಟಿದ್ದ. ಲೈಸೆನ್ಸ್ ತಂದರೆ ವ್ಯಾನು ನಿನ್ನದೇ ಎಂದು ಗ್ರಂಥಾಲಯದವರು ಹೇಳಿದ್ದರು. ಮೂರು ತಿಂಗಳೊಳಗೆ ತರದಿದ್ದರೆ ಬೇರೆಯವರಿಗೆ ಎಂದೂ ಹೇಳಿದ್ದರು. ಕಪಾಟುಗಳ ಮಧ್ಯೆ ಧೂಳು ಕುಡಿದು ಸಾಕಾಗಿದ್ದ ಅವಳು, ಆ ವ್ಯಾನನ್ನು ಕನಸಿನಲ್ಲೂ ತಿರುಗಿಸುತ್ತಿದ್ದಳು, ನಿದ್ದೆಯಲ್ಲಿ ಗಂಡನ ಕಿವಿ ಹಿಡಿದು ಗೇರು ಬದಲಿಸುತ್ತಿದ್ದಳು. ಹಿಂದಿನ ಸಲ ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸಿ ಫೇಲಾಗಿದ್ದಳು. ಈಗ ದಿನಾ ಸಂಜೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದೇ ಕಾರಿನಲ್ಲಿ ಕಲಿಯುತ್ತಿದ್ದಳು. ಕಾರು ಗುಜರಿಗೆ ಹೋದರೆ ವ್ಯಾನೂ ಹೋದ ಹಾಗೆ.

ಒಂದು ಭಾನುವಾರ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದಾಗ ಮಾವ ಹೇಳಿದರು: "ಆಯಿಲ್ ಚೇಂಜ್ ಮಾಡಿಸೋ ಹೊತ್ತಾಯ್ತು. ಮಗು ಟೆಸ್ಟಿಗೆ ಹೋಗೋಷ್ಟರಲ್ಲಿ ಎಂಜಿನ್ ಬೆಣ್ಣೆ ಥರ ಇರಬೇಕು." ಅವರಿಗೆ ಕಿರಿಮಗಳು ಈಗಲೂ ಮಗುವೇ.

"ಮಾಡಿಸೋಣ ಮಾವ. ಒಳ್ಳೆ ಸಾದಾ ಆಯಿಲ್ ಹಾಕಿಸೋಣ," ಎಂದ ಚಿಕ್ಕಳಿಯ.

"ಸಾದಾ ಯಾಕೆ? ಸಿಂಥೆಟಿಕ್ ಹಾಕಿಸೋಣ," ಎಂದ ದೊಡ್ಡಳಿಯ.

ಚಿಕ್ಕಳಿಯನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಭಾವ, ಸಿಂಥೆಟಿಕ್ ಉಸಿರಾಡಲ್ಲ. ಒಳಗೊಳಗೇ ಬೆವರು. ಎಂಜಿನ್‌ಗೂ ಒಂದು ಮೈ ಅಂತ ಇರತ್ತಲ್ಲ?"

"ತಮ್ಮಾ, ಎಂಜಿನ್ ಏನು ಅಂಗಿ ತೊಟ್ಕೊಂಡು ಓಡತ್ತಾ? ಸಾದಾ ಆಯಿಲ್ ಅಂದ್ರೆ ನೆಲದಿಂದ ಹೇಗೆ ಬಂತೋ ಹಾಗೆ. ಸಿಂಥೆಟಿಕ್ ಅಂದ್ರೆ ಒಂದೊಂದು ಹನೀನೂ ಅಳತೆ ತಗೊಂಡು ಮಾಡಿದ್ದು. ಹಲ್ಲಿನ ಸೆಟ್ ಇದ್ದ ಹಾಗೆ."

"ಹಲ್ಲಿನ ಸೆಟ್ಟನ್ನ ಮಲಗೋವಾಗ ತೆಗೆದಿಡಬಹುದು ಭಾವ. ಆಯಿಲ್ಲನ್ನ ತೆಗೆದಿಡೋಕಾಗತ್ತಾ?"

'ಟಕ್' ಎಂದು ಸದ್ದಾಯಿತು. ಮಾವನ ಮೇಲಿನ ಸೆಟ್ಟು ಕೆಳಗಿನ ಸೆಟ್ಟಿನ ಮೇಲೆ ಬಿದ್ದ ಸದ್ದು. ಬಸ್ಸಿನಲ್ಲಿ ಬ್ರೇಕು ಒತ್ತುವ ಮೊದಲು ಅವರು ಹೀಗೆಯೇ ದವಡೆ ಕಚ್ಚುತ್ತಿದ್ದರಂತೆ.

"ಇದೇನು, ಜಗಳಾನಾ?" ಎಂದರು ಮಾವ.

"ಛೆ ಛೆ! ಎಲ್ಲಾದ್ರೂ ಉಂಟಾ! ಭಾವ ಹೇಳಿದ ಹಾಗೇ ಆಗಲಿ," ಎಂದ ಚಿಕ್ಕಳಿಯ ತಕ್ಷಣ.

"ಇಲ್ಲ ಇಲ್ಲ, ತಮ್ಮ ಹೇಳಿದ ಹಾಗೇ ಆಗಲಿ," ಎಂದ ದೊಡ್ಡಳಿಯ.

"ನೀವು ದೊಡ್ಡೋರು ಭಾವ."

"ನೀನು ಬುದ್ಧಿವಂತ ತಮ್ಮಾ."

ಅಕ್ಕತಂಗಿಯರು ಮುಖ ಮುಖ ನೋಡಿಕೊಂಡರು. ಮಾವ ಸಮಾಧಾನದಿಂದ ಮಜ್ಜಿಗೆ ಬಡಿಸಿಕೊಂಡರು. ಊಟ ಮುಗಿಯಿತು. ಈ ಸಭೆಯಲ್ಲಿ ಏನು ತೀರ್ಮಾನವಾಯಿತು ಎಂದು ಕೇಳಿದರೆ, ಗೋಡೆಯ ಈಚೆ ಚಿಕ್ಕಳಿಯ "ಭಾವ ಒಪ್ಪಿಕೊಂಡ್ರು, ಸಾದಾ" ಎನ್ನುತ್ತಿದ್ದ. ಆಚೆ ದೊಡ್ಡಳಿಯ "ಪಾಪ, ತಮ್ಮ ಒಪ್ಪಿಕೊಂಡ, ಸಿಂಥೆಟಿಕ್" ಎನ್ನುತ್ತಿದ್ದ. ಮರ್ಯಾದಸ್ಥರು ಕೂಡಿ ಮಾತಾಡಿದರೆ ಆಗುವ ಅನಾಹುತ ಇದು. ಒರಟರಾಗಿದ್ದರೆ ಅಲ್ಲೇ ಕೈಕೈ ಮಿಲಾಯಿಸಿ ಸಂಜೆಯೊಳಗೆ ಒಂದು ನಿರ್ಧಾರಕ್ಕೆ ಬಂದಿರುತ್ತಿದ್ದರು.

ಆ ವಾರ ಕಾರು ಚಿಕ್ಕಳಿಯನ ಪಾಳಿಯಲ್ಲಿತ್ತು. ಮಾವ ಮಧ್ಯಾಹ್ನ ಊಟವಾದ ಮೇಲೆ ಹಲ್ಲು ಬಿಚ್ಚಿ ಲೋಟಕ್ಕೆ ಹಾಕಿ ಮಲಗಿದರೆ ಸಂಜೆಯ ತನಕ ಏಳುತ್ತಿರಲಿಲ್ಲ. ಲೋಟದಲ್ಲಿ ಹಲ್ಲು ಕಂಡದ್ದೇ ಚಿಕ್ಕಳಿಯ ಬೀಗದ ಕೈ ಎತ್ತಿಕೊಂಡು ಬೀದಿಯ ತುದಿಯ ಗ್ಯಾರೇಜಿಗೆ ಹೋದ.

ಗ್ಯಾರೇಜು ನಡೆಸುತ್ತಿದ್ದವಳು ಸ್ಪ್ಯಾನರಮ್ಮ. ಸೆರಗಿನ ಜಾಗದಲ್ಲಿ ಗ್ರೀಸು ಒರೆಸುವ ಬಟ್ಟೆ, ಕಿವಿಯ ಹಿಂದೆ ಸ್ಕ್ರೂಡ್ರೈವರು. ಗಂಟಲು ಎಂಥದೆಂದರೆ, ಅವಳು ಕಾರಿನಡಿಯಿಂದ "ಸ್ಟಾರ್ಟ್ ಮಾಡಿ" ಎಂದರೆ ಬೀದಿಯ ಆ ತುದಿಯಲ್ಲೂ ಯಾರಾದರೂ ಸ್ಟಾರ್ಟ್ ಮಾಡುತ್ತಿದ್ದರು. ಕೈಕೆಲಸದಲ್ಲಿ ಒಳ್ಳೆಯವಳೇ. ಒಂದೇ ದೋಷ, ಗುಟ್ಟು ಎಂಬುದು ಅವಳ ಹೊಟ್ಟೆಯಲ್ಲಿ ಒಂದು ಟೀಯಿಂದ ಮುಂದಿನ ಟೀಯ ತನಕವೂ ಉಳಿಯುತ್ತಿರಲಿಲ್ಲ.

"ಸಾದಾ ಹಾಕಮ್ಮ. ಒಳ್ಳೇದು. ಗಾಳಿ ಆಡಬೇಕು ಒಳಗೆ," ಎಂದ ಚಿಕ್ಕಳಿಯ.

"ಆಯಿಲ್ ಒಳಗೆ ಗಾಳಿ ಆಡಿದ್ರೆ ಎಂಜಿನ್ ಕೆಟ್ಟು ಕೂರತ್ತೆ ಅಣ್ಣ," ಎಂದಳು ಅವಳು. ಚಿಕ್ಕಳಿಯ ಅದನ್ನು ಕೇಳಿಸಿಕೊಳ್ಳಲಿಲ್ಲ. ಹೊಸ ಆಯಿಲ್ಲಿನ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಬಟ್ಟೆಯ ನೂಲು ನೋಡುವವನಂತೆ ಉಜ್ಜಿ ನೋಡಿ, ತೃಪ್ತಿಯಿಂದ ತಲೆಯಾಡಿಸಿದ.

ಎರಡು ವಾರದ ಮೇಲೆ ಕಾರು ಮತ್ತೆ ಅವನ ಪಾಳಿಗೆ ಬಂದಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಟೈರಿನ ಹಿಂದೆ ಏನೋ ಹೊಳೆಯಿತು. ತೆಗೆದು ನೋಡಿದರೆ ಖಾಲಿ ಡಬ್ಬಿ. ಮೇಲೆ ದಪ್ಪಕ್ಷರದಲ್ಲಿ: ಸಿಂಥೆಟಿಕ್.

ಚಿಕ್ಕಳಿಯ ಡಿಕ್ಕಿಯ ಅಂಚಿನ ಮೇಲೆ ಕೂತುಬಿಟ್ಟ. ಎಲ್ಲರೆದುರು ಒಪ್ಪಿಕೊಂಡು ಹಿಂದಿನಿಂದ ಹೀಗೆ ಮಾಡುವುದೇ! ಭಾವ ಇಂಥವರೆಂದು ಅವನು ಅಂದುಕೊಂಡಿರಲಿಲ್ಲ. (ಹಿಂದಿನ ವಾರ ದೊಡ್ಡಳಿಯನೂ, ಅದೇ ಡಿಕ್ಕಿಯ ಅಂಚಿನ ಮೇಲೆ, ಸಾದಾ ಆಯಿಲ್ಲಿನ ಖಾಲಿ ಡಬ್ಬಿ ಹಿಡಿದು ಇದೇ ಮಾತನ್ನು ಅಂದುಕೊಂಡಿದ್ದ ಎಂಬುದು ಇವನಿಗೆ ಹೇಗೆ ಗೊತ್ತಾಗಬೇಕು?) ಎದ್ದು ಹೋಗಿ ಕೇಳೋಣವೆಂದರೆ ಜಗಳ. ಜಗಳವೆಂದರೆ ಗುಜರಿ. ಒಳಗೆ ಹೆಂಡತಿ ಅಡುಗೆಮನೆಯ ಸ್ಟೂಲು ಬಕೆಟ್ಟುಗಳನ್ನು ಕಂಬಗಳಂತೆ ನಿಲ್ಲಿಸಿ, ಅವುಗಳ ನಡುವೆ ಹಿಂದಿಂದಕ್ಕೆ ನಡೆದು ರಿವರ್ಸ್ ಅಭ್ಯಾಸ ಮಾಡುತ್ತಿದ್ದಳು. ಚಿಕ್ಕಳಿಯ ಡಬ್ಬಿಯನ್ನು ಇದ್ದಲ್ಲೇ ಇಟ್ಟ. ಮಾವನ ಹಲ್ಲು ಲೋಟಕ್ಕೆ ಬೀಳುವುದನ್ನೇ ಕಾದ.

ಅವನನ್ನು ಕಂಡದ್ದೇ ಸ್ಪ್ಯಾನರಮ್ಮ ಗ್ರೀಸು ಬಟ್ಟೆಯನ್ನು ಬಾಯಿಗೆ ತುರುಕಿಕೊಂಡಳು.

"ಏನಾಯ್ತಮ್ಮ?"

"ಏನಿಲ್ಲ. ಆಣೆ ಹಾಕಿಸ್ಕೊಂಡಿದ್ದಾರೆ. ಹೇಳಬಾರದು."

"ಯಾರು?"

"ಅದನ್ನೇ ಹೇಳಬಾರದು!"

"ಸರಿ, ನಾನೂ ಒಂದು ಆಣೆ ಹಾಕಿಸ್ಕೊಳ್ತೀನಿ. ಒಳಗಿರೋದನ್ನ ತೆಗೆದು ಸಾದಾ ಹಾಕು. ನಾನು ಬಂದಿದ್ದೆ ಅಂತ ನಮ್ಮ ಭಾವನಿಗೆ ಗೊತ್ತಾಗಬಾರದು."

ಸ್ಪ್ಯಾನರಮ್ಮ ಎರಡೂ ಕೈಗಳಿಂದ ತಲೆ ಹಿಡಿದುಕೊಂಡಳು. ಒಂದೇ ಗುಟ್ಟು ಹೊರಲಾರದವಳ ಮೇಲೆ ಈಗ ಎರಡು.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಆ ವಾರ ಸಾದಾ, ಈ ವಾರ ಸಿಂಥೆಟಿಕ್. ಕೊನೆಗೆ ಸ್ಪ್ಯಾನರಮ್ಮನಿಗೇ ಹೊಟ್ಟೆ ಉರಿಯಿತು. "ಸರಿಯಾಗಿ ಬಿಸಿ ಕೂಡ ಆಗಿಲ್ಲ ಈ ಆಯಿಲ್ಲು. ಚೆಲ್ಲೋದು ಅಂದ್ರೆ ಪಾಪ ಬರತ್ತೆ," ಎಂದು ಎರಡು ಕ್ಯಾನು ತಂದಿಟ್ಟಳು. ಒಂದರ ಕುತ್ತಿಗೆಗೆ ಹತ್ತಿಬಟ್ಟೆಯ ಚೂರು ಕಟ್ಟಿದಳು. ಇನ್ನೊಂದರ ಮೇಲೆ ಸೀಮೆಸುಣ್ಣದಿಂದ ಒಂದು ಹಲ್ಲು ಬರೆದಳು. ಚಿಕ್ಕಳಿಯ ಬಂದರೆ ಹಲ್ಲಿನ ಕ್ಯಾನಿಗೆ ಇಳಿಸಿ ಬಟ್ಟೆಯ ಕ್ಯಾನಿನಿಂದ ತುಂಬುವುದು, ದೊಡ್ಡಳಿಯ ಬಂದರೆ ಅದರ ತಿರುಗುಮುರುಗು. ಮಾವ ಮನೆ ಬದಲಿಸಿದ ಹಾಗೆ ಆಯಿಲ್ಲುಗಳೂ ವಾರವಾರ ಬಿಡಾರ ಬದಲಿಸತೊಡಗಿದವು. ಪ್ರತಿ ಸಲ ಅಲ್ಲಿಷ್ಟು ಸೋರಿ, ಇಲ್ಲಿಷ್ಟು ಬಟ್ಟೆಗೆ ಮೆತ್ತಿ, ಎರಡೂ ಚೂರುಚೂರೇ ಸೊರಗುತ್ತ ಬಂದವು.

ಒಂದು ವಾರ ಅವಳಿಗೆ ಕೈತುಂಬ ಕೆಲಸ. ಚಿಕ್ಕಳಿಯ ಟೀ ಕುಡಿದು ಬರುವಷ್ಟರಲ್ಲಿ ಏನೂ ಮಾಡದೆ ಬಾನೆಟ್ಟು ಮಾತ್ರ ದಢಾರನೆ ಮುಚ್ಚಿ, "ಆಯ್ತು ಅಣ್ಣ" ಎಂದಳು. ಚಿಕ್ಕಳಿಯ ಒಂದು ಸುತ್ತು ಓಡಿಸಿಕೊಂಡು ಬಂದವನ ಮುಖ ಅರಳಿತ್ತು. "ನೋಡಿದ್ಯಾ? ಎಷ್ಟು ಹಗುರ! ಆ ದರಿದ್ರ ಸಿಂಥೆಟಿಕ್ ತೆಗೆದದ್ದೇ ತಡ, ಮೈಮೇಲಿನ ಕಂಬಳಿ ಎಸೆದ ಹಾಗೆ ಓಡ್ತಿದೆ!" ಸ್ಪ್ಯಾನರಮ್ಮ ಮತ್ತೆ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡಳು.

ಬೀದಿ ಸುಮ್ಮನಿರುತ್ತದೆಯೇ? ಎದುರುಮನೆಯ ಕಿಟಕಿಯಲ್ಲಿ ಸದಾ ಕೂತಿರುತ್ತಿದ್ದ ಅಜ್ಜಿ, ಕಾರು ವಾರವಾರವೂ ಗ್ಯಾರೇಜಿಗೆ ಹೋಗುವುದನ್ನು ಗಮನಿಸಿದರು. ಕಾಯಿಲೆ ದೊಡ್ಡದೇ ಇರಬೇಕು ಎಂದು ತೀರ್ಮಾನಿಸಿದರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು, ಕಾರು ಇನ್ನು ಹೆಚ್ಚು ದಿನ ಇಲ್ಲವಂತೆ. ಕಿರಾಣಿಯವನು ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಗ್ಗಿದ ದನಿಯಲ್ಲಿ, "ಡಾಕ್ಟ್ರು, ಅಲ್ಲ, ಮೆಕ್ಯಾನಿಕ್ಕು ಏನಂದ್ರು?" ಎಂದು ವಿಚಾರಿಸಿದ. ಇಸ್ತ್ರಿಯವನು ಹೋಗುತ್ತ ಬರುತ್ತ ಬಾನೆಟ್ಟು ಸವರಿ, "ಚಿನ್ನದಂಥ ಗಾಡಿ" ಎಂದು ನಿಟ್ಟುಸಿರು ಬಿಟ್ಟ.

ಮಾವನ ಕಿವಿಗೂ ಬಿತ್ತು. ಅಂದು ಸಂಜೆ ಅಭ್ಯಾಸ ಮುಗಿಸಿ ಬಂದು, ಎಂಜಿನ್ ಆರಿಸುವ ಮುನ್ನ ಬಹಳ ಹೊತ್ತು ತಲೆ ವಾಲಿಸಿ ಕೂತರು.

"ಏನ್ ಮಾವ, ಸದ್ದು ಸರಿ ಇಲ್ವಾ?" ಎಂದ ಚಿಕ್ಕಳಿಯ.

"ಸರಿ ಇದೆ. ಅದೇ ಆಶ್ಚರ್ಯ. ವಯಸ್ಸಾದ ಎಂಜಿನ್ ಇಷ್ಟು ಸರಿ ಇರಬಾರದು," ಎಂದು ಹೇಳಿ, ಗೋಡೆಯಾಚೆ ಒಮ್ಮೆ, ಅಳಿಯನನ್ನು ಒಮ್ಮೆ ನೋಡಿ, ದವಡೆ ಟಕ್ ಎನಿಸಿ ಒಳಗೆ ಹೋದರು.

ಟೆಸ್ಟು ಬಂದದ್ದು ಒಂದು ಸೋಮವಾರ, ದೊಡ್ಡಳಿಯನ ಪಾಳಿಯ ವಾರ. "ನಮ್ಮ ಹುಡುಗಿ ಟೆಸ್ಟಿಗೆ ಪಾಳಿ ಗೀಳಿ ಏನು ತಮ್ಮಾ, ಕಾರು ನಿಮ್ಮದೇ ಅಂದ್ಕೋ," ಎಂದು ದೊಡ್ಡಳಿಯ ದೊಡ್ಡ ಮನಸ್ಸಿನಿಂದ ಹೇಳಿದ್ದ. ಚಿಕ್ಕಳಿಯನ ಲೆಕ್ಕವೇ ಬೇರೆ. ಭಾನುವಾರವೇ ಭಾವ ಸಿಂಥೆಟಿಕ್ ತುಂಬಿಸಿರುತ್ತಾರೆ. ಹೆಂಡತಿ ಜೀವಮಾನದ ಪರೀಕ್ಷೆಗೆ ಹೊರಟಿದ್ದಾಳೆ, ಕೆಳಗೆ ಎಂಜಿನ್ ಉಸಿರುಗಟ್ಟಿ ಬೆವರುತ್ತಿದೆ! ಸರಿಯಾಗಿ ರಿವರ್ಸಿನಲ್ಲೇ ಅದು ಕೈಕೊಟ್ಟರೆ?

ಬೆಳಕು ಹರಿಯುತ್ತಲೇ ಪೇಪರು ಕೇಳುವ ನೆಪದಲ್ಲಿ ಭಾವನ ಮನೆಯೊಳಗೆ ಕಾಲಿಟ್ಟ. ಮಾವನ ಮಂಚದ ಪಕ್ಕದ ಲೋಟದಲ್ಲಿ ಹಲ್ಲು ನಗುತ್ತಿತ್ತು. ಬೀಗದ ಕೈ ಎತ್ತಿಕೊಂಡು, ಕಾರನ್ನು ಸ್ಟಾರ್ಟ್ ಮಾಡದೆ ಬೀದಿಯ ಅರ್ಧದ ತನಕ ತಳ್ಳಿಕೊಂಡೇ ಹೋದ. ಕಿಟಕಿ ಅಜ್ಜಿ ಕೈ ಮುಗಿದರು. ಕೊನೆಯ ಯಾತ್ರೆ ಎಂದುಕೊಂಡರೋ ಏನೋ.

ಸ್ಪ್ಯಾನರಮ್ಮ ಆಗಷ್ಟೇ ಶಟರ್ ಎತ್ತುತ್ತಿದ್ದಳು.

"ಬೇಗ ಬೇಗ! ಇದನ್ನ ಇಳಿಸಿ ನನ್ನದು ಹಾಕು!"

"ಅಣ್ಣ... ಅದರೊಳಗೆ ಇರೋದು..." ಎಂದು ಶುರು ಮಾಡಿದವಳು ಬಾಯಿ ಮುಚ್ಚಿಕೊಂಡಳು. ದೊಡ್ಡಳಿಯ ಈ ವಾರ ಇನ್ನೂ ಬಂದೇ ಇರಲಿಲ್ಲ. ಒಳಗಿದ್ದದ್ದು ಚಿಕ್ಕಳಿಯನದೇ ಸಾದಾ. ಆದರೆ ಅದನ್ನು ಹೇಳಬೇಕೆಂದರೆ ದೊಡ್ಡಳಿಯ ಬಂದಿಲ್ಲ ಎನ್ನಬೇಕು, ಬಂದಿಲ್ಲ ಎಂದರೆ ಬರುತ್ತಿದ್ದ ಎಂದಾಗುತ್ತದೆ, ಆಣೆ ಮುರಿಯುತ್ತದೆ. ಜೀವನದಲ್ಲಿ ಮೊದಲ ಸಲ ಗುಟ್ಟು ಕಾಪಾಡುತ್ತಿದ್ದ ಹೆಂಗಸು, ಹಟ ಬಿಡಲಿಲ್ಲ. ಇಳಿಸಿದ್ದನ್ನೇ ಮತ್ತೆ ತುಂಬಿದರಾಯಿತೆಂದು, "ಆಗಲಿ" ಎನ್ನುತ್ತ ಬಾಣಲೆ ಹಿಡಿದು ಕಾರಿನಡಿ ನುಸುಳಿ ಬೋಲ್ಟು ಬಿಚ್ಚಿದಳು. ಚಿಕ್ಕಳಿಯನ ಸಾದಾ ಆಯಿಲ್ಲು, ಚಿಕ್ಕಳಿಯನ ಕಣ್ಣೆದುರೇ, ಚಿಕ್ಕಳಿಯನ ಶಾಪವನ್ನು ಕೇಳುತ್ತ ಬಾಣಲೆಗೆ ಇಳಿಯಿತು.

ಅಷ್ಟರಲ್ಲಿ ಹೊರಗೆ ದಡಬಡ ಹೆಜ್ಜೆ ಸದ್ದು. ಬನಿಯನ್ ಮೇಲೆ ಕೋಟು ಹಾಕಿಕೊಂಡ ದೊಡ್ಡಳಿಯ ಏದುಸಿರು ಬಿಡುತ್ತ ಒಳಗೆ ಬಂದ. ಟೆಸ್ಟಿಗೆ ಮುಂಚೆ ಗುಟ್ಟಾಗಿ ಸಿಂಥೆಟಿಕ್ ತುಂಬಿಸೋಣವೆಂದು ಎದ್ದರೆ ಕಾರೇ ಇಲ್ಲ!

ಇಬ್ಬರೂ ಎದುರುಬದುರು ನಿಂತರು. ಸ್ಪ್ಯಾನರಮ್ಮ ಬಾಣಲೆಯನ್ನು ಎಳೆದುಕೊಂಡು ಹೊರಗೆ ತೆವಳಿದಳು.

"ಭಾವ! ಏನು ಇಷ್ಟು ಬೆಳಗ್ಗೆ?"

"ವಾಕಿಂಗ್ ತಮ್ಮಾ. ನೀನು?"

"ನಾನೂ ವಾಕಿಂಗೇ."

"ಕಾರು ತಗೊಂಡು?"

ಚಿಕ್ಕಳಿಯ ಬೀಗದ ಕೈಯನ್ನು ಬೆನ್ನ ಹಿಂದೆ ಮರೆಮಾಡಿದ. ಒಂದು ಗಳಿಗೆ ಇಬ್ಬರ ಕಣ್ಣಲ್ಲೂ ಕೆಂಡ ಕಾಣಿಸಿತು. ಆದರೆ ಗುಜರಿಯ ತಕ್ಕಡಿಯೂ ಕಾಣಿಸಿತು. ಚಿಕ್ಕಳಿಯ ಹಲ್ಲು ಕಿರಿದ.

"ಭಾವ, ನೀವು ಹೇಳಿದ ಹಾಗೇ ಹಾಕಿಸಿ. ಬನ್ನಿ, ನೀವು ಮುಂದೆ ಬನ್ನಿ."

"ಛೆ, ನೀನು ಮೊದಲು ಬಂದಿದ್ದೀಯ. ನೀನು ಹೇಳಿದ ಹಾಗೇ."

"ಇಲ್ಲ ಭಾವ, ನೀವು!" ಎಂದು ಇವನು ಅವನ ತೋಳು ಹಿಡಿದು ಮುಂದಕ್ಕೆ ಎಳೆದ.

"ನೀನು ತಮ್ಮಾ!" ಎಂದು ಅವನು ಇವನ ಬೆನ್ನು ಹಿಡಿದು ಮುಂದಕ್ಕೆ ತಳ್ಳಿದ. ಮರ್ಯಾದೆಯ ಈ ಕುಸ್ತಿಯಲ್ಲಿ ಯಾರ ಕಾಲೋ ಬಾಣಲೆಗೆ ತಾಗಿತು. ಅರ್ಧದಷ್ಟು ಆಯಿಲ್ಲು ನೆಲಕ್ಕೆ ಹರಿದು, ನಿಧಾನವಾಗಿ ಚರಂಡಿಯ ದಾರಿ ಹಿಡಿಯಿತು.

"ಅಯ್ಯೋ ಪುಣ್ಯಾತ್ಮರಾ!" ಎಂದು ಸ್ಪ್ಯಾನರಮ್ಮ ಕಿರುಚಿದ್ದು ಬೀದಿಗೆಲ್ಲ ಅಲಾರಂ ಹೊಡೆದ ಹಾಗಾಯಿತು. ಹೊಸ ಡಬ್ಬಿ ಕೊಡು ಎಂದರೆ ಅವಳಲ್ಲಿರಲಿಲ್ಲ. ಆಯಿಲ್ ಅಂಗಡಿ ಬಾಗಿಲು ತೆರೆಯುವಷ್ಟರಲ್ಲಿ ಟೆಸ್ಟು ಮುಗಿದೇ ಹೋಗುತ್ತಿತ್ತು. ಬಾಣಲೆಯಲ್ಲಿ ಉಳಿದ ಸಾದಾ ಒಂದೇ ಸಾಲದು. ಹಲ್ಲಿನ ಕ್ಯಾನಿನ ಸಿಂಥೆಟಿಕ್ಕೂ ವಾರವಾರ ಸೊರಗಿ ಒಂದೇ ಸಾಲದು. ಚಿಕ್ಕಳಿಯ ಗೋಡೆಗೆ ಒರಗಿದ. ಕಣ್ಣ ಮುಂದೆ ಪುಸ್ತಕದ ವ್ಯಾನು ಬೇರೆ ಯಾರದೋ ಕೈಯಲ್ಲಿ ತಿರುವು ದಾಟಿ ಮರೆಯಾಗುತ್ತಿತ್ತು.

"ಏನ್ರೀ ಇದು?"

ಬಾಗಿಲಲ್ಲಿ ಹೆಂಡತಿ. ಇಸ್ತ್ರಿ ಮಾಡಿದ ಹತ್ತಿಬಟ್ಟೆ, ಬಿಗಿದು ಕಟ್ಟಿದ ಜಡೆ. ಪಕ್ಕದಲ್ಲಿ ಮಾವ, ಬಾಯಲ್ಲಿ ಹಲ್ಲು.

"ಭಾವ, ನೀವೂನಾ?" ಎಂದಳು ಅವಳು. ದೊಡ್ಡಳಿಯ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದ.

ಸ್ಪ್ಯಾನರಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಇವತ್ತು ನನಗೆ ಊಟ ಸೇರತ್ತೆ!" ಎಂದವಳೇ ಮೊದಲ ಡಬ್ಬಿಯಿಂದ ಕೊನೆಯ ಬಾಣಲೆಯ ತನಕ ಒಂದೇ ಉಸಿರಿಗೆ ಹೇಳಿಬಿಟ್ಟಳು. ಬಟ್ಟೆ ಕಟ್ಟಿದ ಕ್ಯಾನು ತೋರಿಸಿದಳು, ಹಲ್ಲು ಬರೆದ ಕ್ಯಾನು ತೋರಿಸಿದಳು. ಏನೂ ಬದಲಿಸದ ವಾರ ಚಿಕ್ಕಳಿಯ ಕಂಬಳಿ ಎಸೆದ ಕಥೆಯನ್ನು ಅಭಿನಯಿಸಿಯೇ ತೋರಿಸಿದಳು. ಹೇಳುತ್ತ ಹೇಳುತ್ತ ಅವಳ ಮುಖಕ್ಕೆ ಬಣ್ಣ ಬಂತು.

ಮಾವ ಎಲ್ಲವನ್ನೂ ಕೇಳಿದರು. ಅಳಿಯಂದಿರಿಬ್ಬರೂ ತಲೆ ತಗ್ಗಿಸಿ ನಿಂತಿದ್ದರು.

"ಇಷ್ಟರಲ್ಲಿ ಇವರಿಬ್ಬರೂ ಜಗಳ ಆಡಿದ್ರಾ?" ಎಂದು ಮಾವ ಕೇಳಿದರು.

"ಒಂದು ಮಾತೂ ಇಲ್ಲ ಯಜಮಾನ್ರೇ! ನೀವು ಮೊದಲು, ನೀವು ಮೊದಲು ಅಂತಾನೇ ಬಾಣಲೆ ಒದ್ದು ಹಾಕಿದ್ರು."

ಮಾವ ಗಡ್ಡ ಕೆರೆದುಕೊಂಡರು. "ಹಾಗಾದ್ರೆ ಷರತ್ತು ಮುರಿದಿಲ್ಲ. ಇಂಥಾದ್ದು ಆಗಬಹುದು ಅಂತ ಗೊತ್ತಿದ್ರೆ, ಜಗಳ ಆಡಲೇಬೇಕು ಅಂತ ಷರತ್ತು ಹಾಕ್ತಿದ್ದೆ."

"ಅಪ್ಪಾ, ಷರತ್ತು ಆಮೇಲೆ," ಎಂದಳು ಹೆಂಡತಿ. "ಸ್ಪ್ಯಾನರಮ್ಮ, ಎರಡನ್ನೂ ಸೇರಿಸಿ ಹಾಕಿದ್ರೆ ಓಡತ್ತಾ?"

"ಓಡದೇ ಏನು? ಎರಡೂ ಆಯಿಲ್ಲೇ ತಾನೇ. ಎಂಜಿನ್‌ಗೆ ನಿಮ್ಮನೆಯವರ ಥರ ಮರ್ಯಾದೆ ಮಾಡೋಕೆ ಬರಲ್ಲ. ಸಿಕ್ಕಿದ್ದು ಕುಡ್ಕೊಂಡು ಓಡತ್ತೆ."

"ಹಾಗಾದ್ರೆ ಸುರೀರಿ. ಇಬ್ಬರೂ ಸುರೀರಿ!"

ಬಾಣಲೆಯಲ್ಲಿ ಉಳಿದದ್ದನ್ನು ಸ್ಪ್ಯಾನರಮ್ಮ ಬಟ್ಟೆಯಲ್ಲಿ ಸೋಸಿ ಚಿಕ್ಕಳಿಯನ ಕೈಗೆ ಕೊಟ್ಟಳು. ದೊಡ್ಡಳಿಯ ಹಲ್ಲಿನ ಕ್ಯಾನು ಎತ್ತಿದ. ಒಂದೇ ಲಾಳಿಕೆಯ ಎರಡು ಬದಿ ನಿಂತು ಷಡ್ಡಕರಿಬ್ಬರೂ ಒಟ್ಟಿಗೆ ಸುರಿದರು. ಎರಡು ಧಾರೆ ಒಂದಾಗಿ ಒಳಗಿಳಿಯಿತು. ಯಾವುದು ಯಾವುದೆಂದು ಚಿಕ್ಕಳಿಯ ಕಣ್ಣು ಕಿರಿದಾಗಿಸಿ ನೋಡಿದ, ಗೊತ್ತಾಗಲಿಲ್ಲ. ಸ್ಪ್ಯಾನರಮ್ಮ ಕಡ್ಡಿ ಅದ್ದಿ ನೋಡಿ, "ಗೆರೆ ಮುಟ್ತು! ಸ್ಟಾರ್ಟ್ ಮಾಡಿ!" ಎಂದು ಕೂಗಿದಳು. ಬೀದಿಯ ಆ ತುದಿಯಲ್ಲಿ ಯಾರದೋ ಬೈಕು ಸ್ಟಾರ್ಟಾಯಿತು. ಮರುಕ್ಷಣ ಇವರ ಕಾರೂ ಆಯಿತು.

ಟೆಸ್ಟಿನ ಮೈದಾನದಲ್ಲಿ ಹಗ್ಗದ ಆಚೆ ಮಾವ, ಅಕ್ಕಪಕ್ಕ ಅಳಿಯಂದಿರು ನಿಂತರು. ಪರೀಕ್ಷೆ ಮಾಡುವ ಸಾಹೇಬರು ನಗುವುದನ್ನು ಮನೆಯಲ್ಲಿ ಬಿಟ್ಟು ಬಂದವರು. ಕಾರಿನೊಳಗೆ ಕೂತು, "ಎಡಕ್ಕೆ" ಎಂದರು. ಅವಳು ಇಂಡಿಕೇಟರ್ ಹಾಕಿದಳು. ಅದು ಹೊತ್ತಿಕೊಳ್ಳಲಿಲ್ಲ. ಮತ್ತೆ ಹಾಕಿದಳು. ಇಲ್ಲ.

"ಇಂಡಿಕೇಟರು!" ಎಂದು ಮಾವ ಹಗ್ಗ ಹಿಡಿದುಕೊಂಡರು. "ಇಷ್ಟು ಸಲ ಗ್ಯಾರೇಜಿಗೆ ಹೋದ್ರಲ್ಲ, ಇಂಡಿಕೇಟರ್ ನೋಡಿದ್ರೇನ್ರೋ?"

ಅಳಿಯಂದಿರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅವರು ನೋಡಿದ್ದು ಆಯಿಲ್ ಒಂದೇ.

ಅಷ್ಟರಲ್ಲಿ ಕಾರಿನ ಕಿಟಕಿಯಿಂದ ಒಂದು ಕೈ ಹೊರಬಂತು. ಉದ್ದಕ್ಕೆ ಚಾಚಿ, ನಿಧಾನವಾಗಿ ಒಂದು ಸುತ್ತು ಹಾಕಿ, ತಿರುವಿನ ಸನ್ನೆ ಕೊಟ್ಟಿತು. ಬಸ್ಸಿನ ಕಿಟಕಿಯಿಂದ ಮಾವ ಜೀವಮಾನ ಪೂರ್ತಿ ತೋರಿಸಿದ್ದ ಸನ್ನೆ. ಮಾವನ ಕೈಯೂ ತನ್ನಷ್ಟಕ್ಕೇ ಹಗ್ಗ ಬಿಟ್ಟು ಗಾಳಿಯಲ್ಲಿ ಸುತ್ತಿತು.

ಆಮೇಲೆ ರಿವರ್ಸು. ಚಿಕ್ಕಳಿಯ ಕಣ್ಣು ಮುಚ್ಚಿದ. "ನೋಡು ತಮ್ಮಾ, ನೋಡು!" ಎಂದು ದೊಡ್ಡಳಿಯ ಅವನ ತೋಳು ಚಿವುಟಿದ. ಕಣ್ಣು ಬಿಟ್ಟಾಗ ಕಾರು ಎರಡು ಕಂಬಗಳ ನಡುವೆ, ಅಡುಗೆಮನೆಯ ಬಕೆಟ್ಟುಗಳ ನಡುವೆ ಅವಳು ನಡೆಯುತ್ತಿದ್ದಷ್ಟೇ ನೇರವಾಗಿ ಹಿಂದಿಂದಕ್ಕೆ ಬಂದು ನಿಂತಿತ್ತು. ಕಂಬ ಕಂಬದ ಜಾಗದಲ್ಲೇ ಇತ್ತು.

ಸಾಹೇಬರು ಇಳಿದರು. ಸೀದಾ ಹೋಗಲಿಲ್ಲ. ಬಾನೆಟ್ಟಿನ ಮೇಲೆ ಬಾಗಿ ಕಿವಿಗೊಟ್ಟರು. ಹಗ್ಗದಾಚೆಯ ಮೂವರ ಉಸಿರೂ ನಿಂತಿತು. "ಇಲ್ಲಿ ಬನ್ನಿ" ಎಂದು ಕೈ ಮಾಡಿದರು. ಬಂದರು.

"ಎಷ್ಟು ಹಳೇ ಗಾಡಿ! ಎಂಜಿನ್ ಇಷ್ಟು ಮೆತ್ತಗೆ ಓಡ್ತಿದೆ. ಯಾವ ಆಯಿಲ್ ಹಾಕ್ತೀರಿ?"

"ಭಾವ ಹೇಳಿದ್ದು," ಎಂದ ಚಿಕ್ಕಳಿಯ.

"ತಮ್ಮ ಹೇಳಿದ್ದು," ಎಂದ ದೊಡ್ಡಳಿಯ.

ಸಾಹೇಬರು ಇಬ್ಬರನ್ನೂ ಒಂದು ಸಲ ನೋಡಿ, ಈ ವಿಷಯ ಬೆಳೆಸುವುದು ಕ್ಷೇಮವಲ್ಲ ಎಂದುಕೊಂಡವರಂತೆ ಅವಳ ಕಡೆ ತಿರುಗಿದರು. "ಇಂಡಿಕೇಟರ್ ಕೆಟ್ಟಿದ್ದು ಗಾಡಿ ತಪ್ಪು. ಕೈ ಚಾಚಿದ್ದು ನಿಮ್ಮ ಬುದ್ಧಿ. ಪಾಸು. ಸಂಜೆಯೊಳಗೆ ಸರಿ ಮಾಡಿಸಿ."

ಅವಳು ಅಪ್ಪನ ಮುಖ ನೋಡಿದಳು. ಮಾವ ಬಾಯಿ ತೆರೆದು ನಕ್ಕರು. ಮೇಲಿನ ಸೆಟ್ಟು ಜಾರಿತು, ಹಿಡಿದುಕೊಂಡರು. ಹತ್ತಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು.

ಹೊರಡುವ ಮುನ್ನ ಅಳಿಯಂದಿರಿಬ್ಬರೂ ಬೀಗದ ಕೈಗಾಗಿ ಅಭ್ಯಾಸಬಲದಿಂದ ಕೈ ಚಾಚಿದರು. ಮಾವ ಎರಡೂ ಅಂಗೈಗಳನ್ನು ದಾಟಿ ಅದನ್ನು ಮಗಳ ಕೈಗಿಟ್ಟರು. "ಇನ್ನು ಕಾರು ಇವಳ ಸುಪರ್ದು. ಇವಳ ಅಕ್ಕನಿಗೂ ಇವಳೇ ಕಲಿಸಲಿ. ನೀವಿಬ್ಬರೂ ಪ್ಯಾಸೆಂಜರು. ಹಿಂದೆ ಹತ್ತಿ."

ಹತ್ತಿದರು. ಮುಂದೆ ಮಗಳು, ಪಕ್ಕದಲ್ಲಿ ಅಪ್ಪ. ಹಿಂದೆ ಷಡ್ಡಕರಿಬ್ಬರೂ ಮಂಡಿ ಮುದುಡಿ ಕೂತಿದ್ದರು. ಬೆಳಗಿನ ಬಿಸಿಲು ರಸ್ತೆಯ ಮೇಲೆ ಹಾಸಿತ್ತು. ಚಿಕ್ಕಳಿಯ ಕನ್ನಡಿಯಲ್ಲಿ ಹೆಂಡತಿಯ ಕಣ್ಣು ನೋಡುತ್ತಿದ್ದ. ಆ ಕಣ್ಣು ರಸ್ತೆಯನ್ನು ದಾಟಿ, ಊರನ್ನೂ ದಾಟಿ, ಪುಸ್ತಕ ತುಂಬಿಕೊಂಡು ಯಾವುದೋ ಹಳ್ಳಿಯ ದಾರಿ ಹಿಡಿದಾಗಿತ್ತು. ಅವನಿಗೆ ಮನಸ್ಸು ತುಂಬಿ ಬಂತು. ಏನಾದರೂ ಒಳ್ಳೆಯ ಮಾತಾಡಬೇಕೆನಿಸಿತು.

"ಭಾವ," ಎಂದ, "ಟೈರಿಗೆ ಸಾದಾ ಗಾಳಿ ಸಾಕಲ್ವಾ?"

ದೊಡ್ಡಳಿಯ ನೆಟ್ಟಗಾದ. "ತಮ್ಮಾ, ಈಗ ನೈಟ್ರೋಜನ್ ಅಂತ ಬಂದಿದೆ. ಲ್ಯಾಬಲ್ಲಿ ಶುದ್ಧ ಮಾಡಿದ್ದು..."

ಟಕ್ ಎಂದಿತು ಮುಂದಿನ ಸೀಟು. ಅದರ ಹಿಂದೆಯೇ ಬ್ರೇಕು ಬಿತ್ತು. ಕಿಟಕಿಯಿಂದ ಕೈ ಹೊರಚಾಚಿ, ಸನ್ನೆ ಕೊಟ್ಟು, ಕಾರು ಪಕ್ಕಕ್ಕೆ ನಿಂತಿತು.

"ಇಳೀರಿ," ಎಂದಳು ಡ್ರೈವರು. "ಇಬ್ಬರೂ."

ಇಳಿದರು. ಕಾರು ಮೆಲ್ಲಗೆ ಮುಂದೆ ಹೋಯಿತು. ಎಷ್ಟು ಮೆತ್ತಗೆಂದರೆ, ರಸ್ತೆ ಬದಿಯ ಹಕ್ಕಿಗಳೂ ಎದ್ದು ಹಾರಲಿಲ್ಲ. ಇಬ್ಬರೂ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಮನೆಯ ಕಡೆ ನಡೆಯತೊಡಗಿದರು. ಸ್ವಲ್ಪ ದೂರ ಹೋದ ಮೇಲೆ ದೊಡ್ಡಳಿಯನ ಮಂಡಿ ಕಟಕ್ ಎಂದಿತು. ಇನ್ನೂ ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕಟಕ್ ಎಂದಿತು.

"ಬೆಳಗ್ಗೆ ಓಡಿ ಬಂದ್ನಲ್ಲ," ಎಂದು ಅವನು ಮಂಡಿ ನೀವಿಕೊಂಡ. "ಎಣ್ಣೆ ಹಚ್ಚಬೇಕು."

ಚಿಕ್ಕಳಿಯ ಅವನ ತೋಳಿಗೆ ತೋಳು ಕೊಟ್ಟ. ಯಾವ ಎಣ್ಣೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ಅಲ್ಲೇ ನುಂಗಿದ.

"ಇಬ್ಬರೂ ಒಂದು ಜಗಳ ಆಡೋಣ ಭಾವ," ಎಂದ. "ಸರಿಯಾಗಿ, ಬಾಯಿ ಬಿಟ್ಟು. ಯಾವುದಾದರೂ ಒಂದು ತೀರ್ಮಾನ ಆಗತ್ತೆ."

ದೊಡ್ಡಳಿಯ ಒಂದು ಕ್ಷಣ ನಿಂತ. ಆಮೇಲೆ ಜೋರಾಗಿ ನಕ್ಕುಬಿಟ್ಟ. "ಶುರು ಮಾಡು ತಮ್ಮಾ. ಇವತ್ತು ನೀನೇ ಮೊದಲು!"